ಒಂದೇ ಗುಂಡಿಯ ಕ್ಷಮಾಪಣೆ

ದರ್ಸೊನೊನ ಗ್ರಹಚಾರ ಶುರುವಾಗಿದ್ದು ಒಂದು ಗುಂಡಿಯಿಂದ. ಸಿಡೋಆರ್ಜೋದ ಸೀಗಡಿ ಹಪ್ಪಳದ ಕಾರ್ಖಾನೆಯಲ್ಲಿ ಅವನು ಪ್ರಚಾರ ವಿಭಾಗದವನು, ವಿಭಾಗವೆಂದರೆ ಅವನೊಬ್ಬನೇ. ಒಡತಿ ಬು ಹೆರ್ಮಿನ್ ಹೊಸದೊಂದು ವ್ಯವಸ್ಥೆ ತರಿಸಿದ್ದರು. ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಸಾಕು, ಒಂದೇ ಮಾತು ಗಿರಾಕಿಗಳ ಮೊಬೈಲಿಗೆ, ಅಂಗಡಿಯವರ ಇ-ಮೇಲಿಗೆ, ಗೇಟಿನ ದೀಪದ ಫಲಕಕ್ಕೆ, ಊರು ಸುತ್ತುವ ವ್ಯಾನುಗಳ ಮೈಕಿಗೆ ಒಟ್ಟಿಗೇ ಹೋಗುತ್ತಿತ್ತು.

ಅಂದು ಅವನಿಗಿದ್ದ ಕೆಲಸ ಇಷ್ಟೇ. ರಂಜಾನ್ ಉಪವಾಸ ಮುಗಿದ ಮೇಲೆ ಬರುವ ಲೆಬಾರಾನ್ ಹಬ್ಬದ ಶುಭಾಶಯವನ್ನು ಅದಕ್ಕೆ ಉಣಿಸಿ, ಸಂಜೆ ರೈಲಿಗೆ ಹೆಂಡತಿ ವೆನಿಂಗ್ ಜತೆ ಬ್ಲಿತಾರಿನ ಅತ್ತೆ ಮನೆಗೆ ಹೊರಡುವುದು. ಹಿಂದಿನ ಎರಡು ಹಬ್ಬಕ್ಕೂ ಕೆಲಸದ ನೆಪದಲ್ಲಿ ತಪ್ಪಿಸಿಕೊಂಡಿದ್ದ.

"ನನಗೆ ಅಳಿಯ ಅಂತ ಒಬ್ಬ ಇದಾನೋ ಇಲ್ವೋ ಅಂತ ಅಮ್ಮ ಕೇಳ್ತಾಳೆ. ಈ ಸಲ ನೀವು ಬರದಿದ್ರೆ ನಾನೂ ವಾಪಸ್ ಬರಲ್ಲ," ಎಂದು ವೆನಿಂಗ್ ಬೆಳಿಗ್ಗೆ ಹೇಳಿಯೇ ಕಳಿಸಿದ್ದಳು.

ಅವಸರದಲ್ಲಿ ದಿನಾಂಕ ಹಾಕುವುದು ಮರೆತ. ಶುಭಾಶಯ ಹಬ್ಬಕ್ಕೆ ಮೊದಲೇ ಹೊರಟುಹೋಯಿತು. ಹೋಗಲಿ ಅಂದರೆ, ಚಂದ್ರ, ಮಸೀದಿ, ಹಬ್ಬದ ಹೆಸರು ಎಲ್ಲ ಇದ್ದ ಚಿತ್ರ ಹಿಂದೆಯೇ ಉಳಿಯಿತು. ಊರಿಗೆ ತಲುಪಿದ್ದು ಕೆಳಗಿನ ಸಾಲಷ್ಟೇ: "ತಿಳಿದೋ ತಿಳಿಯದೆಯೋ ನಿಮಗೆ ಅನ್ಯಾಯ ಮಾಡಿದ್ದೇವೆ. ದಯವಿಟ್ಟು ಕ್ಷಮಿಸಿ." ಹಬ್ಬದ ಬೆಳಿಗ್ಗೆ ಎಲ್ಲರೂ ಎಲ್ಲರಿಗೂ ಹೇಳುವ ಮಾತೇ. ಆದರೆ ಉಪವಾಸದ ನಡುಮಧ್ಯಾಹ್ನ ಹಪ್ಪಳದ ಕಂಪನಿ ಹೀಗೆ ಹೇಳಿದರೆ ಜನ ಏನಂದುಕೊಂಡಾರು?

ಫೋನುಗಳು ಒಂದೇ ಸಮ ಹೊಡೆದುಕೊಂಡವು. ಹಪ್ಪಳಕ್ಕೆ ಏನು ಬೆರೆಸಿದಿರಿ ಎಂದು ಅಂಗಡಿಯವರು ಗದರಿದರು. ಒಬ್ಬ ಹೆಂಗಸು ಗಂಡನ ಹೋದ ವರ್ಷದ ಹೊಟ್ಟೆನೋವನ್ನೂ ಕಂಪನಿಯ ತಲೆಗೆ ಕಟ್ಟಿದಳು. ಕರಿಯುವ ವಿಭಾಗದ ಕಸ್ತುಬಿ ಒಳಬಂದು ಬಾಗಿಲು ಹಾಕಿಕೊಂಡು, "ಎಣ್ಣೆ ವಿಷಯ ನಿಮಗೆ ಯಾರು ಹೇಳಿದ್ರು?" ಎಂದು ಪಿಸುಗುಟ್ಟಿದ. ದರ್ಸೊನೊನಿಗೆ ಎಣ್ಣೆಯ ವಿಷಯ ಗೊತ್ತೇ ಇರಲಿಲ್ಲ.

ಬು ಹೆರ್ಮಿನ್ ಕೆಂಡವಾಗಿ ಬಂದರು. ನಮ್ಮದೇನೂ ತಪ್ಪಿಲ್ಲ ಅಂತ ಇನ್ನೊಂದು ಕಳಿಸು ಎಂದರು. ಕಳಿಸಿದ. ಆಗಂತೂ ಏನೋ ನಡೆದಿದೆ ಎಂದು ಜನಕ್ಕೆ ಗ್ಯಾರಂಟಿಯಾಯಿತು. ಇದು ತಣ್ಣಗಾಗುವವರೆಗೆ ಕುರ್ಚಿ ಬಿಟ್ಟು ಏಳಕೂಡದು ಎಂದು ಒಡತಿಯ ಅಪ್ಪಣೆಯಾಯಿತು.

ರೈಲಿನ ಹೊತ್ತು ಹತ್ತಿರವಾಯಿತು, ವೆನಿಂಗ್ ಆಗಲೇ ಸ್ಟೇಷನ್ನಿಗೆ ಹೋಗಿರಬೇಕು. ಕರೆಗಳ ಹೊಡೆತಕ್ಕೆ ಅವನ ಮೊಬೈಲು ಸತ್ತಿತ್ತು. ಅವನಿಗೆ ಅಳುವೇ ಬಂತು. ಕಂಪ್ಯೂಟರಿನಲ್ಲೇ ಹೆಂಡತಿಯ ನಂಬರು ಹಾಕಿ ಬರೆದ: "ವೆನಿಂಗ್, ಈ ಸಲವೂ ನಿನಗೆ ಮೋಸ ಮಾಡಿದೆ. ನೀನು ಹೋಗು. ನಿನ್ನ ಪಕ್ಕ ಕೂತಿರಬೇಕಾದವನು ಇಲ್ಲಿ ಕಾರ್ಖಾನೆಯಲ್ಲಿ ಕೂತಿದ್ದೇನೆ. ಕ್ಷಮಿಸು." ಗುಂಡಿ ಒತ್ತಿದ. ಆ ಗುಂಡಿಗೆ ಒಬ್ಬರಿಗೇ ಅಂತ ಕಳಿಸುವುದು ಗೊತ್ತಿರಲಿಲ್ಲ.

ವ್ಯಾನುಗಳು ಅವನ ಸಂಕಟವನ್ನು ಬೀದಿಬೀದಿಯಲ್ಲಿ ಓದಿದವು. ಮೊದಲಿನದೂ ಈ ಬಡಪಾಯಿಯ ಎಡವಟ್ಟೇ ಎಂದು ಎಲ್ಲರಿಗೂ ಅರ್ಥವಾಯಿತು. ಬೈದವರೇ ಮತ್ತೆ ಫೋನು ಮಾಡಿ, ಅವನನ್ನು ಹೆಂಡತಿ ಜತೆ ಕಳಿಸದಿದ್ದರೆ ನಿಮ್ಮ ಹಪ್ಪಳ ಮುಟ್ಟುವುದಿಲ್ಲ ಎಂದರು. ಬು ಹೆರ್ಮಿನ್ ಕೂಡ ಕಣ್ಣೊರೆಸಿಕೊಂಡು, "ಹೋಗಪ್ಪ, ವ್ಯಾನ್ ತಗೊಂಡು ಹೋಗು," ಎಂದರು.

ಅವನು ಸ್ಟೇಷನ್ ಮುಟ್ಟುವಾಗ ರೈಲು ಆಗಲೇ ಕದಲಿತ್ತು. ಬಿದ್ದಂಬೀಳ ಓಡಿ ಹತ್ತಿದ. ತಮ್ಮ ಸೀಟುಗಳನ್ನು ಹುಡುಕಿದರೆ ಎರಡೂ ಖಾಲಿ. ಮುಖ ತೊಳೆಯಲು ಹೋಗಿರಬೇಕು ಎಂದು ಕಾದು ಕೂತ. ಕೊನೆಗೆ ಎದುರಿನ ಅಜ್ಜಿಯನ್ನು ಕೇಳಿದ.

"ಇಲ್ಲಿ ಕೂತಿದ್ದವಳಾ? ಫೋನ್ ನೋಡಿ ಗೊಳೋ ಅಂತ ಅತ್ತುಬಿಟ್ಟಳಪ್ಪ. ರೈಲು ಹೊರಡೋಕೆ ಮುಂಚೆ ಇಳಿದು ಹೋದಳು."

ಅಜ್ಜಿಯ ಫೋನನ್ನೇ ಬೇಡಿ ಮನೆಯಾಕೆಗೆ ಕರೆ ಮಾಡಿದ.

"ಕಾರ್ಖಾನೆ ಗೇಟಲ್ಲೇ ನಿಂತಿದೀನಿ ರೀ," ಎಂದಳು ವೆನಿಂಗ್, ಅವನು ಎಷ್ಟೋ ವರ್ಷದಿಂದ ಕೇಳಿರದ ಮೆತ್ತನೆಯ ದನಿಯಲ್ಲಿ. "ಹಬ್ಬ ಇಲ್ಲೇ ಮಾಡೋಣ, ಇಬ್ಬರೇ. ಹೊರಗೆ ಬನ್ನಿ."

ಬ್ಲಿತಾರಿನ ರೈಲಿನಲ್ಲಿದ್ದೇನೆ ಎಂದು ಹೇಗೋ ಹೇಳಿದ. ಹಬ್ಬ ಕಳೆಯುವವರೆಗೆ ಅತ್ತ ಇತ್ತ ಎಲ್ಲೂ ಟಿಕೆಟು ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಕ್ಷಮಿಸು," ಎಂದ ದರ್ಸೊನೊ.

"ನನಗೆ ಸಾಕು, ಇವತ್ತು ಬೇಕಾದಷ್ಟು ಬಂದಿದೆ," ಎಂದಳು ವೆನಿಂಗ್. "ಅಮ್ಮನ ಹತ್ರ ಕ್ಷಮೆ ಕೇಳಿ. ಈ ಸಲ ಮಗಳು ಯಾಕೆ ಬರಲಿಲ್ಲ ಅಂತ ನೀವೇ ಹೇಳಿ."