ಟ್ಯಾಂಕಿ ಯಜಮಾನರ ಹಸಿರು ಫಲಕ

ಪಕ್ಕದ ಬೀದಿಯ ಕಟ್ಟಡದ ಗೋಡೆಗೆ ಅಂಗೈಯಗಲದ ಹಸಿರು ಫಲಕವೊಂದು ಬಂದು ಕೂತದ್ದೇ ಟ್ಯಾಂಕಿ ಯಜಮಾನರ ನಿದ್ದೆ ಕೆಡಲು ಕಾರಣ. ‘ಹೊಣೆಯರಿತ ಬಾಡಿಗೆ ಮನೆ’ ಎಂದು ಅದರ ಮೇಲೆ ಕೊರೆದಿತ್ತು. ಪರಿಸರಕ್ಕೂ ಸಮಾಜಕ್ಕೂ ಒಳ್ಳೆಯದು ಮಾಡುವ ಮನೆ ಮಾಲೀಕರಿಗೆ ನಗರಸಭೆ ಕೊಡುವ ಮರ್ಯಾದೆ ಅದು. ಮರ್ಯಾದೆಯ ಮೇಲೆ ನಮ್ಮ ಯಜಮಾನರಿಗೆ ಅಂಥ ಆಸೆಯೇನೂ ಇರಲಿಲ್ಲ. ಆದರೆ ಫಲಕವಿರುವ ಮನೆಗೆ ಜಾಸ್ತಿ ಬಾಡಿಗೆ ಕೇಳಬಹುದು ಎಂದು ತಮಗೆ ತಾವೇ ಹೇಳಿಕೊಂಡಿದ್ದರು.

ಪಾಪ, ಅವರ ಕಷ್ಟ ಅವರಿಗೆ. ಮೂರು ಮಹಡಿ ಕಟ್ಟಿಸಿ ಆರು ವರ್ಷವಾದರೂ ಬಾಡಿಗೆ ಒಂದು ಸಲವೂ ಏರಿರಲಿಲ್ಲ. ಅದು ಔದಾರ್ಯವಲ್ಲ, ಬರೀ ಪುಕ್ಕಲುತನ. ಬಾಡಿಗೆದಾರರ ಎದುರು ನಿಂತರೆ ನಾಲಿಗೆ ಒಣಗುತ್ತಿತ್ತು. ಬೆಳಗ್ಗೆ ಕೋಲು ಹಿಡಿದು ಮಹಡಿ ಹತ್ತಿ ನೀರಿನ ಟ್ಯಾಂಕಿಯ ಆಳ ಅಳೆಯುವುದು, ಇಳಿಯುವಾಗ “ನೀರು ನೋಡ್ಕೊಂಡು ಬಳಸಿ” ಎಂದು ಖಾಲಿ ಮೆಟ್ಟಿಲಿಗೆ ಹೇಳುವುದು, ಇಷ್ಟೇ ಅವರ ದರ್ಬಾರು. ಆ ಅಡ್ಡಹೆಸರು ಬಂದದ್ದೂ ಹಾಗೆಯೇ.

ಫಲಕದ ಅರ್ಜಿ ನಾಲ್ಕು ಹಾಳೆಯದು. ಕೆಳಮನೆಯಲ್ಲಿ ಬಾಡಿಗೆಗಿದ್ದ ನಿವೃತ್ತ ಗುಮಾಸ್ತರು ತಾವಾಗಿಯೇ ಬಂದು, “ಕೊಡಿ ಇಲ್ಲಿ, ಮೂವತ್ತು ವರ್ಷ ಇದೇ ಕೆಲಸ ಮಾಡಿದೀನಿ” ಎಂದು ಅಚ್ಚುಕಟ್ಟಾಗಿ ತುಂಬಿಕೊಟ್ಟರು.

“ಓದಿ ಸಹಿ ಹಾಕಿ” ಎಂದಳು ಹೆಂಡತಿ.

“ನಾಲ್ಕು ಹಾಳೆ ಓದೋಷ್ಟು ಪುರುಸೊತ್ತು ಯಾರಿಗಿದೆ ಮಾರಾಯ್ತಿ?” ಎಂದು ಯಜಮಾನರು ಗೀಚಿಯೇಬಿಟ್ಟರು.

ಇವತ್ತು ಹನ್ನೊಂದಕ್ಕೆ ತಪಾಸಣೆ. ಯಜಮಾನರ ಸಿದ್ಧತೆ ಏನೆಂದರೆ: ಮಳೆನೀರಿನ ಕೊಳವೆಯ ಕೆಳಗೆ ಹೊಸ ಪೀಪಾಯಿ, ಮಹಡಿಯ ಮೇಲೆ ಗುಜರಿಯಿಂದ ತಂದ, ತಂತಿ ಎಲ್ಲಿಗೂ ಹೋಗದ ಸೌರಫಲಕ, ಹಿತ್ತಿಲಲ್ಲಿ ನಿನ್ನೆ ತೋಡಿಸಿದ ಗೊಬ್ಬರದ ಗುಂಡಿ. ಅಂಗಿಯ ಜೇಬಿನಲ್ಲಿ ಮಾತ್ರ ಅಪ್ಪಟ ಅಸಲಿ ಸರಕು: ಬಾಡಿಗೆ ಏರಿಕೆಯ ಮೂರು ಪತ್ರ, ಮೂರು ಲಕೋಟೆ. ಫಲಕ ಗೋಡೆಗೇರಿದ ಕೂಡಲೇ ಬಾಯಿಬಿಡದೆ ಕೈಗಿಟ್ಟು ಓಡಿಬರುವುದೆಂದು ತೀರ್ಮಾನವಾಗಿತ್ತು.

ಅವರಿಗಿದ್ದ ಭಯ ಒಂದೇ, ಬಾಡಿಗೆದಾರರು ಎಲ್ಲಿ ಬಾಯಿಬಿಡುತ್ತಾರೋ ಎಂದು. ಆದರೆ ಬೆಳಗ್ಗೆಯಿಂದ ಅವರೆಲ್ಲ ಸೊಂಟ ಕಟ್ಟಿ ನಿಂತಿದ್ದರು. ನಡುಮಹಡಿಯ ನರ್ಸಮ್ಮ ರಜೆ ಹಾಕಿದ್ದರು. ಮೇಲ್ಮಹಡಿಯ ಡ್ರೈವಿಂಗ್ ಮೇಷ್ಟ್ರು ಕಾರು ಕಲಿಸುವುದನ್ನೇ ಬಿಟ್ಟು ಅಂಗಳ ಗುಡಿಸುತ್ತಿದ್ದರು.

“ನಿಮಗ್ಯಾಕೆ ತೊಂದರೆ?” ಎಂದರು ಯಜಮಾನರು.

“ನಾವೂ ಇಲ್ಲೇ ಇರೋರು ತಾನೇ ಸಾರ್?” ಎಂದರು ಗುಮಾಸ್ತರು. ಯಜಮಾನರ ಕಣ್ಣು ತೇವವಾಯಿತು. ಜೇಬಿನ ಲಕೋಟೆಗಳು ಕೊಂಚ ಚುಚ್ಚಿದವು.

ತಪಾಸಣೆಯ ಮೇಡಂ ಬಂದವರೇ ಪೀಪಾಯಿಯ ಮುಚ್ಚಳ ತೆಗೆದರು. ಒಳಗೆ ಒಂದು ಜಿರಳೆ ಅಂಗಾತ ಬಿದ್ದಿತ್ತು.

“ಇದರಲ್ಲಿ ನೀರೇ ಬಿದ್ದ ಹಾಗಿಲ್ಲವಲ್ಲ?”

“ಮಳೆ ಬಂದ್ರೆ ನೋಡ್ಬೇಕು ಮೇಡಂ, ಧೋ ಅಂತ...”

ಮಹಡಿಯ ಮೇಲಿದ್ದ ನರ್ಸಮ್ಮ ಇದನ್ನೇ ಅಪ್ಪಣೆಯೆಂದುಕೊಂಡು ಕೊಳವೆಗೆ ಎರಡು ಬಕೆಟ್ ನೀರು ಸುರಿದರು. ಕೊಳವೆಯ ಕೀಲು ಆಳೆತ್ತರದಲ್ಲಿ ಬಿಟ್ಟುಕೊಂಡಿತ್ತು. ನೀರಷ್ಟೂ ಯಜಮಾನರ ನೆತ್ತಿಯ ಮೇಲೆ ಬಿತ್ತು. ಡ್ರೈವಿಂಗ್ ಮೇಷ್ಟ್ರು ಓಡಿಬಂದು ಹಳೇ ಟ್ಯೂಬು ಸುತ್ತಿ ಕೀಲು ಬಿಗಿದರು. ಮೇಡಂ ಮೋಡವಿಲ್ಲದ ಆಕಾಶವನ್ನೊಮ್ಮೆ ನೋಡಿ ಏನೋ ಬರೆದುಕೊಂಡರು.

“ಸೌರದೀಪ ತೋರಿಸಿ.”

ಒದ್ದೆ ಬೆಕ್ಕಿನಂತಾಗಿದ್ದ ಯಜಮಾನರು ಮೆಟ್ಟಿಲ ಬಳಿಯ ಸ್ವಿಚ್ಚು ಒತ್ತಿದರು. ದೀಪ ಹತ್ತಿತು! ಅವರಿಗೇ ನಂಬಲಾಗಲಿಲ್ಲ. ಅದೇ ಗಳಿಗೆಗೆ ಬೀದಿಯಲ್ಲಿ ಕಾರಿನ ಹಾರ್ನು ಪೇಂ ಎಂದು ಅರಚಿತು. ಆರಿಸಿದರೆ ಹಾರ್ನೂ ನಿಂತಿತು. ಮತ್ತೆ ಒತ್ತಿದರೆ ಮತ್ತೆ ಪೇಂ. ಮೇಷ್ಟ್ರು ತಮ್ಮ ಕಾರಿನ ಬ್ಯಾಟರಿಯಿಂದ ದೀಪಕ್ಕೆ ಗುಟ್ಟಾಗಿ ತಂತಿ ಎಳೆಯುವಾಗ ಅವಸರದಲ್ಲಿ ಒಂದನ್ನು ಎಲ್ಲೋ ಅದಲುಬದಲು ಮಾಡಿದ್ದರು.

“ಏನಿದು?” ಎಂದರು ಮೇಡಂ.

“ದೀಪ ಉರೀತಿದೆ ಅಂತ ಕುರುಡರಿಗೂ ಗೊತ್ತಾಗಲಿ ಅಂತ” ಎಂದರು ಗುಮಾಸ್ತರು, ಕಣ್ಣು ಮಿಟುಕಿಸದೆ.

ಗೊಬ್ಬರದ ಗುಂಡಿಯನ್ನು ಮೇಡಂ ಯಜಮಾನರ ಕೋಲಿನಿಂದಲೇ ಕೆದಕಿದರು. ಬೆಳಗ್ಗೆ ಮೂರು ಮನೆಯವರೂ ತರಕಾರಿ ಸಿಪ್ಪೆ ಸುರಿದಿದ್ದರು. ಎರೆಹುಳುವೂ ಇತ್ತು, ಮೀನಿನ ಗಾಳ ಮಾರುವ ಅಂಗಡಿಯ ಡಬ್ಬಿಯ ಸಮೇತ.

ಯಜಮಾನರು ಕೈಚೆಲ್ಲಿ ಕಟ್ಟೆಯ ಮೇಲೆ ಕುಸಿದರು. ಮೇಡಂ ಪುಸ್ತಕ ಮಡಚಿದರು.

“ಮೂವತ್ತು ವರ್ಷದಿಂದ ಮನೆ ನೋಡ್ತಿದೀನಿ, ಇಂಥ ನಾಟಕ ನೋಡಿರಲಿಲ್ಲ. ಪರಿಸರಕ್ಕೆ ಐವತ್ತಕ್ಕೆ ನಾಲ್ಕು. ಅದೂ ಆ ಹುಳುಗಳಿಗೋಸ್ಕರ.”

ಯಜಮಾನರು ಕಣ್ಣು ಮುಚ್ಚಿದರು.

“ಆದರೆ ಸಮಾಜದ ಕಡೆ ಐವತ್ತಕ್ಕೆ ಐವತ್ತು! ಒಟ್ಟು ನೂರಕ್ಕೆ ನಲವತ್ತು ಬಂದ್ರೆ ಸಾಕು, ಪಾಸು. ನಿಮ್ಮಂಥ ಮಾಲೀಕರನ್ನ ನಾನು ನೋಡೇ ಇಲ್ಲ.”

ಅರ್ಜಿ ನೋಡಿ ಮೊದಲೇ ಕೊರೆಸಿಟ್ಟಿದ್ದ ಹಸಿರು ಫಲಕವನ್ನು ಮೇಡಂ ಚೀಲದಿಂದ ತೆಗೆದರು. ಮೇಷ್ಟ್ರ ಕೈಯಲ್ಲಿ ಡ್ರಿಲ್ ಯಂತ್ರ ಆಗಲೇ ಸಿದ್ಧವಾಗಿತ್ತು. ಯಜಮಾನರು ಸಂತೋಷದಿಂದ ನೋಡುತ್ತಿದ್ದಂತೆಯೇ ನಾಲ್ಕು ತಿರುಪುಮೊಳೆ ಗೋಡೆಯೊಳಗೆ ಇಳಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಇದೇ ಗಳಿಗೆಯೆಂದು ಯಜಮಾನರು ಜೇಬಿಗೆ ಕೈಹಾಕಿ ಒದ್ದೆ ಲಕೋಟೆಗಳನ್ನು ಹೊರತೆಗೆದರು.

“ಅಲ್ಲ ಮೇಡಂ,” ಎಂದರು ಹಾಗೇ ಕುತೂಹಲಕ್ಕೆ, “ನಾನು ಸಮಾಜಕ್ಕೆ ಮಾಡಿದ್ದಾದ್ರೂ ಏನು?”

“ಅರ್ಜಿಯ ನಾಲ್ಕನೇ ಹಾಳೇಲಿ ನೀವೇ ಬರೆದುಕೊಟ್ಟಿದೀರಲ್ಲ! ಹತ್ತು ವರ್ಷ ಬಾಡಿಗೆ ಏರಿಸಲ್ಲ, ಯಾರನ್ನೂ ಖಾಲಿ ಮಾಡಿಸಲ್ಲ ಅಂತ. ಸಾಮಾನ್ಯವಾಗಿ ಎಲ್ರೂ ಒಂದು ವರ್ಷ ಅಂತ ಬರೀತಾರೆ. ಆ ಪೀಪಾಯಿ, ದೀಪ ಎಲ್ಲಾ ಮೂರು ತಿಂಗಳೊಳಗೆ ನಿಮ್ಮ ಖರ್ಚಲ್ಲೇ ಸರಿಯಾಗಬೇಕು, ಮತ್ತೆ ಬರ್ತೀನಿ.”

ಮೇಡಂ ಹೊರಟುಹೋದರು. ಯಜಮಾನರು ಫಲಕದ ಹತ್ತಿರ ಹೋಗಿ ಕನ್ನಡಕ ಒರೆಸಿಕೊಂಡರು. ‘ಹೊಣೆಯರಿತ ಬಾಡಿಗೆ ಮನೆ’ ಎಂಬುದರ ಕೆಳಗೆ ಸಣ್ಣಕ್ಷರದಲ್ಲಿ ‘ಬಾಡಿಗೆ ಹತ್ತು ವರ್ಷ ಸ್ಥಿರ’ ಎಂದು ಕೊರೆದಿತ್ತು. ನಾಲಿಗೆ ಎಂದಿನಂತೆ ಒಣಗಿತು.

“ಕೈಯಲ್ಲೇನು ಸಾರ್, ಕಾಗದ?” ಎಂದು ನರ್ಸಮ್ಮ ಕೇಳಿದರು.

“ಏನಿಲ್ಲ, ಏನಿಲ್ಲ... ಬೇಡದ್ದು” ಎಂದು ಯಜಮಾನರು ಹಿತ್ತಿಲಿಗೆ ಹೋಗಿ ಮೂರೂ ಲಕೋಟೆಗಳನ್ನು ಗೊಬ್ಬರದ ಗುಂಡಿಗೆ ಹಾಕಿದರು.

ಹಿಂದೆಯೇ ಬಂದ ಗುಮಾಸ್ತರು ಗುಂಡಿಯೊಳಗೆ ಇಣುಕಿ ನೋಡಿದರು.

“ಹಾಗೇ ಹಾಕ್ಬೇಡಿ ಸಾರ್,” ಎಂದರು ಬಹಳ ಕಾಳಜಿಯಿಂದ, “ಹರಿದು ಹಾಕಿ. ಬೇಗ ಕೊಳೆಯುತ್ತೆ.”