ಒಣಗದ ಕುರ್ಚಿ

ಮೂವತ್ತು ವರ್ಷ ಮರ ಉಜ್ಜಿದ ಕೈ ಇದು, ಹೆಂಡತಿಯ ಎರಡು ಭುಜ ಉಜ್ಜುವುದೇನು ಮಹಾ! ಹೀಗೆಂದು ಪಾಲಿಶಿನವನು ಆ ಭಾನುವಾರ ಮಧ್ಯಾಹ್ನ ಅಂಗಿಯ ತೋಳು ಮಡಚಿದ. ಮೇಜು, ಮಂಚ, ಬೀರುಗಳಿಗೆ ಹೊಳಪು ಕೊಡುವುದು ಅವನ ಕಸುಬು. ಬೆಳಿಗ್ಗೆ ರೇಡಿಯೊದಲ್ಲಿ ಯಾರೋ ಡಾಕ್ಟರು ಮಾಲೀಸನ್ನು ಬಾಯ್ತುಂಬ ಹೊಗಳಿದ್ದರು. ರಕ್ತ ಸರಾಗವಾಗಿ ಓಡುತ್ತದಂತೆ, ಬಿಗಿದ ನರ ಸಡಿಲವಾಗುತ್ತದಂತೆ, ನಿದ್ದೆ ತಾನಾಗಿ ಬರುತ್ತದಂತೆ.

ಆ ಮನೆಗೆ ಬೇಕಾಗಿದ್ದದ್ದು ನಿದ್ದೆಯೇ. ಹೆಂಡತಿಯ ಅಮ್ಮ, ಅವನ ಅತ್ತೆ, ತೀರಿಕೊಂಡ ಮೇಲೆ ಅವಳು ನೆಟ್ಟಗೆ ಮಲಗಿರಲಿಲ್ಲ. ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತವಳ ಭುಜಗಳು ಕಿವಿಯ ಹತ್ತಿರಕ್ಕೆ ಏರಿ ಅಲ್ಲೇ ನಿಂತುಬಿಟ್ಟಿದ್ದವು. ಮೊದಲಾದರೆ ದಿನಾ ಸಂಜೆ ಅವಳಮ್ಮ ಬೇರು, ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ಹಚ್ಚಿ ಆ ಭುಜಗಳನ್ನು ಕೆಳಗಿಳಿಸುತ್ತಿದ್ದರು. ಈಗ ಇಳಿಸುವವರಿಲ್ಲದೆ ಮನೆಯೇ ಮುದುಡಿ ಕೂತಿತ್ತು.

"ಅತ್ತೆಯ ಎಣ್ಣೆ ಸ್ವಲ್ಪ ಉಳಿದಿದೆಯಲ್ಲ, ಅದನ್ನೇ ಹಚ್ಚಿ ತಿಕ್ತೀನಿ ಕಣೇ."

"ಕಮ್ಮಿ ಹಾಕಿ. ಮುಗಿದ್ರೆ ಮತ್ತೆ ಮಾಡೋರಿಲ್ಲ," ಎಂದು ಬೆನ್ನು ತಿರುಗಿಸಿದಳು.

ಇಲ್ಲೊಂದು ವಿಷಯ ಹೇಳಬೇಕು. ಅತ್ತೆ ಯಾವ ಸೀಸೆಯನ್ನೂ ಎಸೆಯುವವರಲ್ಲ. ಅಳಿಯನ ವಾರ್ನಿಷ್ ಸೀಸೆ ಖಾಲಿಯಾದರೆ ತೊಳೆದು ಒಣಗಿಸಿ ಅದಕ್ಕೇ ಎಣ್ಣೆ ತುಂಬುತ್ತಿದ್ದರು. ಅವರು ಹೋದ ಮೇಲೆ, ಅದು ಕಣ್ಣಿಗೆ ಬೀಳುವುದು ಬೇಡ ಎಂದು ಹೆಂಡತಿ ಹೇಳಿದ್ದಕ್ಕೆ ಪಾಲಿಶಿನವನು ಎಣ್ಣೆಯ ಸೀಸೆಯನ್ನು ಹಿತ್ತಲ ಶೆಡ್ಡಿನಲ್ಲಿ ತನ್ನ ಸೀಸೆಯ ಪಕ್ಕದಲ್ಲೇ ಇಟ್ಟಿದ್ದ. ಎರಡೂ ಅವಳಿ ಜವಳಿ. ಮೂಸಿ ನೋಡೋಣವೆಂದರೆ ಅವನ ಮೂಗು ವಾರ್ನಿಷ್ ಕುಡಿದು ಎಂದೋ ಸತ್ತಿತ್ತು. ಹೆಂಡತಿಗೆ ಅನುಮಾನ ಬರಲಿ ಎಂದರೆ ಗಂಡನ ಕೈ ಯಾವತ್ತೂ ಅದೇ ವಾಸನೆ.

ತಿಕ್ಕಿದ, ತಿಕ್ಕಿದ, ಮರದ ಎಳೆ ಹಿಡಿದು ತಿಕ್ಕುವ ಹಾಗೆ ಒಂದೇ ದಿಕ್ಕಿಗೆ ತಿಕ್ಕಿದ.

"ಭುಜ ಎಳೀತಿದೆ ರೀ."

"ನರ ಸಡಿಲ ಆಗ್ತಿದೆ, ಸುಮ್ನಿರು."

ಆಹಾ, ಎಂಥ ಹೊಳಪು! ಗಿರಾಕಿಯ ಮಂಚಕ್ಕೂ ಅವನು ಇಂಥ ಹೊಳಪು ಕೊಟ್ಟಿರಲಿಲ್ಲ. ಅವಳನ್ನು ಅಂಗಾತ ಮಲಗಿಸಿ, ಇನ್ನು ನಿದ್ದೆ ಬಂದೇ ಬರುತ್ತದೆ ಎಂದು ಫ್ಯಾನ್ ಹಾಕಿದ. ನಿದ್ದೆ ಬರಲಿಲ್ಲ. ಅವಳು ಎದ್ದಾಗ ಬೆನ್ನಿಗಂಟಿಕೊಂಡು ಹಾಸಿಗೆಯ ಬಟ್ಟೆಯೂ ಎದ್ದು ಬಂತು, ಮಹಾರಾಣಿಯ ಮೇಲಂಗಿಯಂತೆ.

ಬಿಸಿನೀರು, ಸೋಪು ಹಾಕಿ ಬಿಡಿಸುವಷ್ಟರಲ್ಲಿ ಸಾಕೋಸಾಕಾಯಿತು. ಮರವಾಗಿದ್ದರೆ ಉಪ್ಪುಕಾಗದ ಹಾಕಿ ಉಜ್ಜಬಹುದಿತ್ತು. ಅವಳು ಬೈಯಲಿಲ್ಲ. ಟವೆಲು ಹೊದ್ದು ಒಂದೇ ಮಾತು ಕೇಳಿದಳು.

"ಹಾಗಾದ್ರೆ ಅಮ್ಮನ ಎಣ್ಣೆ ಎಲ್ಲಿ?"

ಪಾಲಿಶಿನವನಿಗೆ ಆಗ ಹೊಳೆಯಿತು. ಹಿಂದಿನ ದಿನ ಗಿರಾಕಿ ಮೇಷ್ಟರ ಆರಾಮಕುರ್ಚಿಗೆ ವಾರ್ನಿಷ್ ಎಂದೇ ಸೀಸೆ ಪೂರ್ತಿ ಬಗ್ಗಿಸಿ ತಿಕ್ಕಿದ್ದ. ಎಷ್ಟು ತಿಕ್ಕಿದರೂ ಹೊಳಪು ಬಾರದೆ, ಒಣಗದೆ, ಮರದ ಜಾತಿಯನ್ನೇ ಬೈದಿದ್ದ. ಸುಳ್ಳು ಹೇಳೋಣವೆನ್ನಿಸಿತು, ಆದರೆ ಹೇಳಲಿಲ್ಲ. ಶೆಡ್ಡಿನ ಬಾಗಿಲು ತೆರೆದು ಕುರ್ಚಿ ತೋರಿಸಿದ. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಆಗಿರಲಿಲ್ಲ.

ಅವಳು ಕುರ್ಚಿಯ ಕೈಯನ್ನು ಮುಟ್ಟಿದಳು. ಬೆರಳು ಮೂಸಿದಳು. ಆಮೇಲೆ ಅದರಲ್ಲೇ ಮೆಲ್ಲಗೆ ಕೂತು, ಆ ಜಿಡ್ಡು ಮರಕ್ಕೆ ಕೆನ್ನೆ ಒತ್ತಿ, ಇಷ್ಟು ದಿನ ತಡೆದಿಟ್ಟದ್ದನ್ನೆಲ್ಲ ಬಿಕ್ಕಿಬಿಕ್ಕಿ ಅತ್ತಳು. ಅಳು ನಿಂತ ಮೇಲೆ, "ಕುರ್ಚಿಗಾದ್ರೂ ಚೆನ್ನಾಗಿ ತಿಕ್ಕಿದೀರ," ಅಂದಳು. ನೋಡನೋಡುತ್ತ ಭುಜಗಳು ಕಿವಿಯಿಂದ ಕೆಳಗಿಳಿದವು, ಕಣ್ಣು ಮುಚ್ಚಿದವು.

ಸಂಜೆ ಮೇಷ್ಟರು ಕುರ್ಚಿಗೆಂದು ಬಂದಾಗ ಪಾಲಿಶಿನವನು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದ. ಒಳಗಿನಿಂದ ಸಣ್ಣ ಗೊರಕೆ ಕೇಳುತ್ತಿತ್ತು.

"ಇನ್ನೂ ಒಣಗಿಲ್ಲ ಮೇಷ್ಟ್ರೇ," ಅಂದ ಪಿಸುದನಿಯಲ್ಲಿ.

"ಯಾವಾಗ ಒಣಗತ್ತಯ್ಯ?"

"ಅವಳು ಎದ್ದ ಮೇಲೆ ಕೇಳಿ ಹೇಳ್ತೀನಿ."