ಕೆಂಪು ಟೀಮು, ಹಳದಿ ಬೀಗರು, ನಡುವೆ ನನ್ನ ಮೀಸೆ

ಕ್ರಿಕೆಟ್ ಸೀಸನ್ ಶುರುವಾಯ್ತು ಅಂದ್ರೆ ಏನಾದ್ರೂ ಒಂದು ಗ್ರಹಚಾರ ನನ್ನ ಮನೆ ಹುಡುಕಿಕೊಂಡು ಬಂದೇ ಬರುತ್ತೆ. ನಾನು ಸುಮ್ಮನೆ ಜಗಲಿ ಮೇಲೆ ಎಲೆ-ಅಡಿಕೆ ಹಾಕ್ಕೊಂಡು ಕೂತಿದ್ರೂ ಬಿಡಲ್ಲ. ನಮ್ಮದು ಹನೂರು ತಾಲ್ಲೂಕಿನ ಬಂಡಳ್ಳಿ, ಕೆಲಸ ಅರಿಶಿಣ ಬೆಳೆಯೋದು, ಜೀವ ಬೆಂಗಳೂರು ಟೀಮು. ಕೆಂಪು ಅಂಗಿಯವರು ಆಡೋವಾಗ ನಾನು ಇಲ್ಲಿಂದ "ಓಡ್ಲಾ" ಅಂತ ಕೂಗಿದ್ರೆ ಅಲ್ಲಿ ಬ್ಯಾಟು ಹಿಡಿದೋನು ಒಂದು ರನ್ನು ಜಾಸ್ತಿ ಓಡ್ತಾನೆ. ಎಷ್ಟೋ ಸಲ ಆಗಿದೆ.

ಇನ್ನು ನನ್ನ ಮೀಸೆ. ಮುಂದೆ ಬರೋದೆಲ್ಲ ಅದರದ್ದೇ ಗಲಾಟೆಯಾದ್ದರಿಂದ ಈಗಲೇ ಹೇಳಿಬಿಡ್ತೀನಿ. ಒಂದು ಸಲ ಕಾಡಂಚಿನ ಹೊಲದಲ್ಲಿ ಒಂಟಿ ಸಲಗ ಎದುರಾಯ್ತು. ನಾನು ಓಡಲಿಲ್ಲ, ಮೀಸೆ ತಿರುವಿದೆ. ಅದು ನನ್ನ ಮೀಸೆ ನೋಡ್ತು, ತನ್ನ ದಂತ ನೋಡ್ಕಂತು, ಮೀಸೆ ನೋಡ್ತು. ನಾಚಿಕೊಂಡು ವಾಪಸ್ ಹೋಯ್ತು. ಅಂಥ ಮೀಸೆ.

ಬೀಗರೂಟ

ಮಗಳನ್ನು ಪಾಲಾರ್ ಕಡೆ ಒಂದು ಹಳ್ಳಿಗೆ ಕೊಟ್ಟೆ. ಅಲ್ಲಿ ಮನೆಯೊಳಗೆ ಕನ್ನಡ, ಅಂಗಡಿಗೆ ಹೋದ್ರೆ ತಮಿಳು. ಕೊಡೋಕೆ ಮುಂಚೆ ಎಲ್ಲ ವಿಚಾರಿಸಿದ್ದೆ. ಹುಡುಗ ಕುಡಿಯಲ್ಲ, ಬಾವೀಲಿ ನೀರಿದೆ, ಅತ್ತೆ ಬಾಯಿ ಸಣ್ಣದು. ಒಂದನ್ನು ಮಾತ್ರ ಕೇಳೋದು ಮರೆತೆ.

ಅದು ಗೊತ್ತಾಗಿದ್ದು ಮದುವೆ ಆದ ಮೇಲೆ, ಬೀಗರೂಟದ ದಿನ. ಮಟನ್ ಸಾರು, ಮುದ್ದೆ, ನಾನೂ ಬೀಗರೂ ಅಕ್ಕಪಕ್ಕ. ಬೀಗರು ಮೂಳೆ ಚೀಪ್ತಾ ಅಂದ್ರು:

"ಈ ಸಲ ಕಪ್ಪು ನಮ್ಮೋರೇ ಗೆಲ್ತಾರೆ ಬುಡಿ ಬೀಗ್ರೇ."

"ಅದ್ರಲ್ಲೇನು ಅನುಮಾನ? ಬೆಂಗ್ಳೂರೇ" ಅಂದೆ.

ಬೀಗರ ಕೈಯಲ್ಲಿದ್ದ ಮೂಳೆ ಎಲೆ ಮೇಲೆ ಬಿತ್ತು. "ಬೆಂಗ್ಳೂರಾ? ನಮ್ಮನೇಲಿ ನಾಯಿ ಕೂಡ ಚೆನ್ನೈ ಕಡೆ ಕಣ್ರಿ."

ಸಾರು ಬಡಿಸ್ತಿದ್ದೋನು ಸೌಟು ಎತ್ತಿದ ಹಾಗೇ ನಿಂತ. ನಮ್ಮ ಕಡೆಯೋರು ಎಡಗಡೆ ಸಾಲಲ್ಲಿ, ಅವರ ಕಡೆಯೋರು ಬಲಗಡೆ ಸಾಲಲ್ಲಿ, ಮಧ್ಯೆ ಯಾರೂ ದಾಟದ ಗಡಿ. ಮಾತಿಗೆ ಮಾತು ಬೆಳೀತು. ಕೊನೆಗೆ ನಾನು ಎದ್ದು ನಿಂತು ಎಲ್ಲರ ಮುಂದೆ ಹೇಳ್ದೆ: "ಎಲ್ಡು ಟೀಮೂ ಎದುರುಬದುರು ಆಡೋ ದಿನ ಯಾರ್ ಟೀಮು ಸೋಲ್ತದೋ ಅವ್ರು ಮೀಸೆ ತಗೀಬೇಕು. ಒಪ್ಗೆನಾ?"

ಬೀಗರಿಗೂ ಮೀಸೆ ಇದೆ. ಆದ್ರೆ ನನ್ನದರ ಮುಂದೆ ಅದು ಹುಬ್ಬು ಜಾರಿ ಮೂಗಿನ ಕೆಳಗೆ ನಿಂತ ಹಾಗೆ. ಅವರಿಗೇನು ನಷ್ಟ? ಕೂಡಲೇ ಒಪ್ಪಿದ್ರು. ಅವತ್ತು ಸಂಜೆಗೆಲ್ಲ ಹನೂರು ಬಸ್ ಸ್ಟ್ಯಾಂಡಿನಲ್ಲೂ ಇದೇ ಮಾತು.

ಕೈ ತೊಳೆಯೋ ಕಡೆ ನನ್ನ ಹೆಂಡತಿ ಕಾಯ್ತಾ ನಿಂತಿದ್ಲು. "ಮಗ್ಳ್ನ ಕೊಟ್ಟಾಯ್ತು, ಅವ್ರು ವರದಕ್ಷಿಣೆ ಕೇಳ್ನಿಲ್ಲ ಅಂತ ಈಗ ಮೀಸೇನೂ ಕೊಡ್ತೀರಾ?" ಅಂದ್ಲು.

ಕೊಳ್ಳೇಗಾಲದ ಓಕುಳಿ

ಆ ದೊಡ್ಡ ಮ್ಯಾಚಿಗೆ ಇನ್ನೂ ಟೈಮಿತ್ತು. ನಮ್ಮ ಟೀಮಿನ ಕೈ ಹೆಂಗಿದೆ ನೋಡ್ಕಂಡು ಬರೋಣ ಅಂತ ಒಂದು ಭಾನುವಾರ ಕೊಳ್ಳೇಗಾಲಕ್ಕೆ ಹೊರಟೆ. ಅಲ್ಲಿ ಮೈದಾನದಲ್ಲಿ ದೊಡ್ಡ ಪರದೆ ಕಟ್ಟಿ ಬೆಂಗಳೂರು ಟೀಮಿನ ಮ್ಯಾಚು ತೋರಿಸ್ತಿದ್ರು. ಸೇರಿದ ಜನವೆಲ್ಲ ಕೆಂಪು ಅಂಗಿ.

ನಾನು ಬೆಳಗಿನಿಂದ ಅರಿಶಿಣ ಪಾಲಿಶ್ ಮಾಡಿಸ್ತಿದ್ದೆ. ಒಣಗಿದ ಕೊಂಬನ್ನು ಡ್ರಮ್ಮಿಗೆ ಹಾಕಿ ತಿರುಗಿಸ್ತಾರಲ್ಲ, ಆಗ ಏಳೋ ಧೂಳು ಮೈಮೇಲೆಲ್ಲ ಕೂರುತ್ತೆ. ಬಸ್ಸು ತಪ್ಪುತ್ತೆ ಅಂತ ಹಾಗೇ ಓಡಿದ್ದೆ. ಮೈದಾನದ ಬಾಗಿಲಲ್ಲಿ ನಾಲ್ಕಾರು ಹೈಕಳು ಅಡ್ಡ ನಿಂತ್ರು.

"ಏನ್ ಧೈರ್ಯ ಅಜ್ಜ ನಿಂಗೆ? ಚೆನ್ನೈಯೋರಂಗೆ ಅಂಗಿ ಅಳದಿ, ಪಂಚೆ ಅಳದಿ. ಕಿವಿನೂ ಅಳದಿ."

"ಲೇ, ನಾನು ಕೆಂಪು ಟೀಮು ಕಣ್ಲಾ."

"ಎಲ್ಲೈತೆ ಕೆಂಪು?"

"ಎದೆ ಒಳಗೆ."

"ಅದ್ನ ಆಸ್ಪತ್ರೇಲಿ ತೋರ್ಸೋಗು" ಅಂತ ಒಬ್ಬ ರಟ್ಟೆ ಹಿಡಿದ.

ಬೇರೆ ಯಾರಾದ್ರೂ ಆಗಿದ್ರೆ ವಾಪಸ್ ಬಸ್ಸು ಹತ್ತುತ್ತಿದ್ರು. ನಾನು ಎಲೆ-ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದೆ. ಪಕ್ಕದಲ್ಲಿ ಕುಡಿಯೋ ನೀರಿನ ಬಕೆಟ್ ಇತ್ತು. ಡಬ್ಬಿಯಲ್ಲಿದ್ದ ಸುಣ್ಣವನ್ನೆಲ್ಲ ಅದಕ್ಕೆ ಕಲಸಿ ತಲೆ ಮೇಲೆ ಸುರ್ಕಂಡೆ. ಅರಿಶಿಣಕ್ಕೆ ಸುಣ್ಣದ ನೀರು ಬಿದ್ರೆ ಏನಾಗುತ್ತೆ ಅಂತ ಆರತಿ ಎತ್ತಿದ ಹೆಂಗಸರನ್ನ ಕೇಳಿ. ಎಲ್ಲರೂ ನೋಡ್ತಾ ಇದ್ದ ಹಾಗೇ ನಾನು ನೆತ್ತಿಯಿಂದ ಪಾದದವರೆಗೂ ಕೆಂಪಾದೆ. ಅಷ್ಟು ಕೆಂಪು ಆ ಟೀಮಿನ ಅಂಗಿಯಲ್ಲೂ ಇಲ್ಲ. ಹೈಕಳು ನನ್ನನ್ನ ಹೆಗಲ ಮೇಲೆ ಹೊತ್ತು ಮುಂದಿನ ಸಾಲಲ್ಲಿ ಕೂರಿಸಿದ್ರು. ಮ್ಯಾಚು ಏನಾಯ್ತು ಅಂತ ಕೇಳಬೇಡಿ. ಎಲ್ಲರೂ ನನ್ನನ್ನೇ ನೋಡ್ತಿದ್ರು.

ವಾಪಸ್ ಬರೋ ಬಸ್ಸಲ್ಲಿ ಕಂಡಕ್ಟರ್ ಕೇಳ್ದ, "ಏನಜ್ಜ, ಮೈಯೆಲ್ಲಾ ಓಕುಳಿ? ಈ ವಯಸ್ಸಲ್ಲಿ ಮದ್ವೆ ಆಗ್ಬುಟ್ಟು ಬಂದ್ಯಾ?" ಬಸ್ಸೆಲ್ಲ ನಗ್ತು. ಮನೆಗೆ ಬಂದಾಗ ಹೆಂಡತಿಯೂ ಅದನ್ನೇ ಕೇಳಿದ್ಲು. ಅವಳು ನಗ್ತಾ ಇರಲಿಲ್ಲ.

ಯಳಂದೂರಿನ ಕತ್ತರಿ

ನನ್ನ ಮೀಸೆಗೆ ಕತ್ತರಿ ಹಾಕೋ ಯೋಗ್ಯತೆ ಇರೋನು ಯಳಂದೂರಿನಲ್ಲಿ ಒಬ್ಬನೇ. ತಲೆಗೆ ಅವನ ಹತ್ತಿರ ನನಗೇನೂ ಕೆಲಸವಿಲ್ಲ, ಅಲ್ಲಿ ಬಹಳ ವರ್ಷದಿಂದ ಬಯಲು. ಮೀಸೆಗಾಗಿಯೇ ಕೊಳ್ಳೇಗಾಲ ದಾಟಿ ಅಷ್ಟು ದೂರ ಹೋಗ್ತೀನಿ.

ದೊಡ್ಡ ಮ್ಯಾಚಿನ ಹಿಂದಿನ ವಾರ ತುದಿ ಸಮ ಮಾಡಿಸೋಕೆ ಹೋದೆ. ಅವನು ಕನ್ನಡಿ ಪಕ್ಕ ಮೊಬೈಲು ನಿಲ್ಲಿಸಿಕೊಂಡು ಮ್ಯಾಚು ನೋಡ್ತಿದ್ದ. ಚೆನ್ನೈ ಟೀಮು ಯಾರ ಮೇಲೋ ಆಡ್ತಿತ್ತು. ಎಡಗಡೆ ಮೀಸೆಗೆ ಕತ್ತರಿ ಇಟ್ಟಿದ್ದಾನೆ, ಆಗ ಹಳದಿ ಅಂಗಿಯೋನು ಒಂದು ಸಿಕ್ಸ್ ಹೊಡೆದ. ಇವನ ಕೈ ಮೇಲಕ್ಕೆ ಹಾರ್ತು. ನನಗೆ ಅನುಮಾನ ಬಂತು.

"ನೀನು ಯಾವ್ ಕಡೆಯೋನ್ಲಾ?"

"ನಮ್ಮವ್ವ ತಮಿಳ್ನಾಡು ಸತ್ಯಮಂಗಲದೋಳು ಕಣಜ್ಜ" ಅಂದ.

ಕತ್ತರಿ ಇನ್ನೂ ಮೂಗಿನ ಕೆಳಗೇ ಇತ್ತು. ನಾನು ಸಲಗಕ್ಕೆ ಹೆದರದೋನು, ಅವತ್ತು ಬೆವರಿದೆ. ಬಾಯಿ ಅಲ್ಲಾಡಿಸದೆ ಕೇಳ್ದೆ, "ನನ್ ಬಾಜಿ ವಿಚಾರ ಗೊತ್ತಾ?"

"ಗೊತ್ತಿಲ್ದೆ ಏನು? ಯಳಂದೂರಲ್ಲೆಲ್ಲಾ ಅದೇ ಮಾತು."

ಅಷ್ಟರಲ್ಲಿ ಇನ್ನೊಂದು ಸಿಕ್ಸು. ಕಚಕ್ ಅಂತು. ಎಡಗಡೆ ತುದಿ ನನ್ನ ತೊಡೆ ಮೇಲೆ ಬಿತ್ತು. ಸಮ ಮಾಡಬೇಕಲ್ಲ ಅಂತ ಬಲಗಡೆಯೂ ಅಷ್ಟೇ ಕತ್ತರಿಸಿದ. ಎದ್ದು ಬೈಯೋಕೆ ಶುರು ಮಾಡಿದ್ರೆ ಕೈಮುಗಿದು ಅಂದ: "ಬೇಜಾರ್ ಮಾಡ್ಕಬ್ಯಾಡ ಅಜ್ಜ. ಮುಂದಿನ್ ವಾರ ಎಂಗೂ ಪೂರ್ತಿ ತಗೀಬೇಕಲ್ಲ, ಇವತ್ತಿಂದು ಅಡ್ವಾನ್ಸು ಅಂದ್ಕೊ."

ಮಗಳ ಪಕ್ಷ

ಮ್ಯಾಚಿನ ದಿನ ಬೆಳಿಗ್ಗೆ ಮಗಳಿಗೆ ಫೋನ್ ಮಾಡ್ದೆ. ಹೆಣ್ಣು ಕೊಟ್ಟ ಮಾತ್ರಕ್ಕೆ ಟೀಮು ಬಿಟ್ಟುಕೊಟ್ಟ ಹಾಗಾಗುತ್ತಾ?

"ಕೂಸೇ, ನೀನು ಯಾರ್ ಕಡೆಯವ್ವ?"

"ಅಪ್ಪ, ಮಾವ ಇಲ್ಲೇ ಕೂತವ್ರೆ" ಅಂತ ಮೆಲ್ಲಗೆ ಅಂದ್ಲು. ಆಮೇಲೆ ಜೋರಾಗಿ, "ಚೆನ್ನೈ ಕಡೆ ಕಣಪ್ಪ."

ನನ್ನ ಎದೆ ಒಡೀತು. ಸ್ವಲ್ಪ ಹೊತ್ತಿಗೆ ಅವಳೇ ಹಿತ್ತಲಿಂದ ಫೋನ್ ಮಾಡಿದ್ಲು. "ಅಪ್ಪ, ನಾನು ನಿನ್ ಕಡೆನೇ. ಆದ್ರೆ ಮಾವನ ಮೀಸೆ ಓಯ್ತು ಅಂದ್ರೆ ಅವ್ರ ಮುಖ ದಿನಾ ನೋಡ್ಬೇಕಾದೋಳು ನಾನು. ನಿನ್ ಮುಖ ಅಬ್ಬಕ್ಕೆ ಒಂದ್ ಸಲ."

ದೊಡ್ಡ ಮ್ಯಾಚು

ಮಧ್ಯಾಹ್ನ ಶುರುವಾದ ಮ್ಯಾಚು. ಬಂಡಳ್ಳಿಯ ನಮ್ಮ ಮನೆಯಲ್ಲಿ ನಾನು, ಹೆಂಡತಿ, ಟೀವಿ. ಕೊನೇ ಓವರಿಗೆ ಬಂದಾಗ ನಮ್ಮೋರಿಗೆ ಬೇಕಾದ ರನ್ನು ಬೇಕಾದಷ್ಟಿತ್ತು, ವಿಕೆಟ್ಟು ಮಾತ್ರ ಒಂದೇ. ನಾನು ಮೀಸೆಯನ್ನ ಎರಡೂ ಕೈಯಲ್ಲಿ ಹಿಡ್ಕಂಡು ಕೂತಿದ್ದೆ. ಇನ್ನು ಮನುಷ್ಯರ ಕೈಯಲ್ಲಿ ಆಗಲ್ಲ ಅನ್ನಿಸ್ತು. ಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದೆ.

"ಏಳುಮಲೆ ಮಾದಪ್ಪ, ನಮ್ಮೋರ್ನ ಗೆಲ್ಸು. ನನ್ ಮೀಸೆ ಉಳ್ಸು. ಬೆಟ್ಟಕ್ಕೆ ಬಂದು ಮುಡಿ ಕೊಡ್ತೀನಿ."

ಇದರಲ್ಲಿ ನನ್ನ ಬುದ್ಧಿ ನೋಡಿ. ಮುಡಿ ಅಂದ್ರೆ ತಲೆಗೂದಲು. ನನ್ನ ತಲೆಯಲ್ಲಿ ಕೂದಲೆಲ್ಲಿದೆ? ದೇವರಿಗೂ ಹರಕೆ ಸಿಕ್ತು, ನನಗೂ ಖರ್ಚಿಲ್ಲ ಅಂತ ಒಳಗೊಳಗೇ ನಕ್ಕೆ.

ಕೊನೇ ಬಾಲಿಗೆ ನಮ್ಮೋನು ಬ್ಯಾಟು ಬೀಸಿದ. ಬಾಲು ಮೇಲಕ್ಕೆ ಹೋಯ್ತು, ಗೆರೆ ಹತ್ತಿರ ಹಳದಿಯೋನು ಕೈ ಚಾಚಿ ನಿಂತ. ನಾನು ಟೀವಿಗೆ ಬಾಯಿ ಹಚ್ಚಿ ಉಫ್ ಅಂತ ಊದಿದೆ. ಬಾಲು ಅವನ ಬೆರಳು ತಪ್ಪಿಸಿಕೊಂಡು ಆಚೆ ಬಿತ್ತು. ಗೆದ್ವಿ. ಆ ಗೆಲುವಿನಲ್ಲಿ ನನ್ನ ಉಸಿರೆಷ್ಟು, ಮಾದಪ್ಪನ ದಯೆ ಎಷ್ಟು ಅಂತ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ.

ಮಾರನೇ ದಿನವೇ ಹೆಂಡತಿ ಬೆಟ್ಟದ ಬಸ್ಸು ಹತ್ತಿಸಿದ್ಲು. "ದೇವ್ರಿಗೆ ಅಂದಿದ್ದು ತಡ ಮಾಡ್ಬಾರ್ದು" ಅಂದ್ಲು. ಮುಡಿ ತೆಗೆಯೋ ಜಾಗದಲ್ಲಿ ಕೂತು ಟೋಪಿ ತೆಗೆದೆ. ಕತ್ತಿ ಹಿಡಿದೋನು ನನ್ನ ತಲೆ ಮೇಲೆ ಒದ್ದೆ ಕೈ ಆಡಿಸಿ, ಸುತ್ತ ಒಂದು ಪ್ರದಕ್ಷಿಣೆ ಬಂದ.

"ಅಜ್ಜ, ಆಗ್ಲೇ ಯಾರೋ ತಗ್ದುಬುಟ್ಟವ್ರಲ್ಲ?"

"ಇದ್ದಷ್ಟು ತಗೀಲಾ."

"ಇದ್ರೆ ತಾನೆ? ಕತ್ತಿ ಜಾರ್ತದೆ. ಎಂಗೆ ಬಂದ್ಯೋ ಅಂಗೇ ಕಳ್ಸುದ್ರೆ ಅರಕೆ ತೀರ್ತದಾ?"

ನಾನು ಬಚಾವಾದೆ ಅಂತ ಏಳೋಕೆ ಹೋದೆ. ಹೆಂಡತಿ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ್ಲು. "ಮುಡಿ ಅಂದ್ರೆ ಮುಖದ ಕೂದ್ಲೂ ಸೇರ್ತದೆ ಕಣಪ್ಪ. ಮೀಸೆ ಐತಲ್ಲ, ತಗಿ."

ನಾನು ಬೇಡ ಅನ್ನೋದ್ರೊಳಗೆ ಒಂದು ಕಡೆ ಹೋಗಿತ್ತು. ಒಂದೇ ಕಡೆ ಇಟ್ಕಂಡು ಏನು ಮಾಡೋದು? ಸಲಗವನ್ನೇ ನಾಚಿಸಿದ ಮೀಸೆ, ಬೀಗರೂಟದಿಂದ ಕಾಪಾಡಿಕೊಂಡು ಬಂದ ಮೀಸೆ, ಮ್ಯಾಚು ಗೆದ್ದ ಮೀಸೆ ಮಾದಪ್ಪನ ಪಾಲಾಯ್ತು.

ವಾಪಸ್ ಬಂದು ಹನೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದ್ರೆ ಎದುರಿಗೆ ಬೀಗರು. ಸೋತ ಮೇಲೆ ಮಾತಿಗೆ ತಪ್ಪಬಾರದು ಅಂತ, ನಮ್ಮೂರಲ್ಲೇ ಎಲ್ಲರ ಮುಂದೆ ಮೀಸೆ ತೆಗೆಸೋಕೆ ಹೊರಟಿದ್ರು. ನನ್ನ ಮುಖ ನೋಡಿ ದಂಗಾದ್ರು. ಆಮೇಲೆ ಅವರ ಕಣ್ಣಲ್ಲಿ ನೀರು ಬಂತು.

"ಐಯೋ ಬೀಗ್ರೇ, ಸೋತ ನನ್ ಮಾನ ಉಳ್ಸಕ್ಕೆ ಗೆದ್ದ ನೀವು ಮೀಸೆ ತಗ್ಸುದ್ರಾ?"

ಹೆಂಡತಿ ಏನೋ ಹೇಳೋಕೆ ಬಾಯಿ ತೆರೆದ್ಲು. ನಾನು ಅವಳ ಕಾಲು ತುಳಿದು, "ನಮ್ ಮನೆತನವೇ ಅಂಗೆ ಬೀಗ್ರೇ, ಗೆದ್ದು ಬೀಗೋರಲ್ಲ" ಅಂದೆ.

"ಇಂಥ ದೊಡ್ಡ ಮನ್ಸಿಗೆ ನಾನು ಅವಮಾನ ಮಾಡಲ್ಲ" ಅಂತ ಬೀಗರು ನನ್ನ ಕೈ ಹಿಡ್ಕಂಡ್ರು. "ನೀವು ಉಳ್ಸಿಕೊಟ್ಟ ಈ ಮೀಸೇನ ನಾನು ಸಾಯೋಗಂಟ ತಗ್ಸಲ್ಲ."

ಹೆಗಲ ಮೇಲೆ ಕೈ ಹಾಕ್ಕೊಂಡು ನನ್ನನ್ನ ಟೀ ಅಂಗಡಿಗೆ ಕರ್ಕಂಡು ಹೋದ್ರು. ಅಂಗಡಿಯೋನು ಮ್ಯಾಚು ನೋಡಿರಲಿಲ್ಲ, ಬಾಜಿ ವಿಚಾರ ಮಾತ್ರ ಗೊತ್ತಿತ್ತು. ನನ್ನ ಮುಖ ನೋಡ್ದ, ಬೀಗರ ಮುಖ ನೋಡ್ದ.

"ಏನ್ ಸಾ, ನಿಮ್ ಅಳದಿಯೋರೇ ಗೆದ್ರಾ?" ಅಂತ ಬೀಗರನ್ನ ಕೇಳ್ದ.

ಬೀಗರು ಮೀಸೆ ಮೇಲೆ ಬೆರಳಾಡಿಸಿದ್ರು. "ಆಟ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ ಬುಡಪ್ಪ. ನಮ್ ಬೀಗ್ರಿಗೆ ಒಂದು ಸ್ಟ್ರಾಂಗ್ ಟೀ ಕೊಡು, ಪಾಪ, ನೊಂದವ್ರೆ."